ಮೂರು ಬರ್ನರಿನ ಗ್ಯಾಸ್ ಗ್ರಿಲ್, ದಾವಣಗೆರೆಯ ತಾರಸಿ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇದಕ್ಕೆ ದುಡ್ಡು ಜಾಸ್ತಿ, ತೂಕ ಜಾಸ್ತಿ, ಜಾಗವೂ ಜಾಸ್ತಿ ಬೇಕು. ಆದರೂ ವಾರಕ್ಕೊಂದು ಸಲವಾದರೂ ಮನೆ ತುಂಬ ಜನಕ್ಕೆ ಅಡುಗೆ ಮಾಡುವವರಿಗೆ ಒಳ್ಳೆಯ ಗ್ಯಾಸ್ ಗ್ರಿಲ್‌ನಿಂದ ಮೋಸವಿಲ್ಲ. ವರ್ಷಕ್ಕೆ ಎರಡು ಸಲ, ನೆಂಟರು ಬಂದಾಗ ಮಾತ್ರ ಅನ್ನುವವರು ದಯವಿಟ್ಟು ತಗೊಳ್ಳಬೇಡಿ. ಅವರಿಗೆ ಇದ್ದಿಲಿನ ಸಣ್ಣ ಗ್ರಿಲ್ ಸಾಕು, ಉಳಿದ ದುಡ್ಡಲ್ಲಿ ಒಳ್ಳೆ ಮಟನ್ ತರಬಹುದು.

ನಮ್ಮದು ಮೂರು ಬರ್ನರ್, ದಪ್ಪ ಮುಚ್ಚಳ, ಎರಡು ಗಾಲಿ ಇರುವ ಹೊರದೇಶದ ಗ್ರಿಲ್. ಬೆಲೆ ಲಕ್ಷದ ಆಸುಪಾಸು. ಕಂಪನಿ ಹೆಸರು ಬರೆಯುವುದಿಲ್ಲ. ಈ ದರ್ಜೆಯ ಗ್ರಿಲ್‌ಗಳೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ನಾನು ಹೇಳುವುದು ಯಾವುದಕ್ಕಾದರೂ ಹೊಂದುತ್ತದೆ. ವರ್ಷದ ಮೇಲಾಯಿತು, ಬೇಸಿಗೆ, ಮಳೆ, ಆಷಾಢದ ಗಾಳಿ ಎಲ್ಲ ನೋಡಿದ ಮೇಲೆ ಬರೆಯುತ್ತಿದ್ದೇನೆ. ಬಾಕ್ಸ್ ಒಡೆದ ದಿನವೇ ಐದು ಸ್ಟಾರ್ ಕೊಟ್ಟು ಬರೆಯುವ ರಿವ್ಯೂ ಓದಿ ಇಷ್ಟು ದುಡ್ಡು ಹಾಕಬೇಡಿ.

ತರಿಸಿಕೊಳ್ಳುವ ವಿಷಯದಲ್ಲಿ ನನಗೆ ಬೇಜಾರಿದೆ. ಮನೆ ಬಾಗಿಲಿಗೆ ತಲುಪಿಸುತ್ತೇವೆ ಅಂದಿದ್ದರು ಮಾರಿದವರು. ಬಂದಿದ್ದು ಟ್ರಾನ್ಸ್‌ಪೋರ್ಟ್‌ನವರ ಗೋಡೌನ್‌ಗೆ. ಅಲ್ಲಿಂದ ಲಗೇಜ್ ಆಟೋ ನಮ್ಮ ಖರ್ಚು, ಇಬ್ಬರು ಹಮಾಲರನ್ನು ಕರೆಸಿ ಮೆಟ್ಟಿಲು ಹತ್ತಿಸಿದ್ದೂ ನಮ್ಮ ಖರ್ಚು. ಬೆಂಗಳೂರಾದರೆ ಕಂಪನಿ ಹುಡುಗರೇ ಬಂದು ಜೋಡಿಸಿ ಕೊಡುತ್ತಾರಂತೆ. ನಮ್ಮೂರು ಅಲ್ಲಿಂದ 260 ಕಿಲೋಮೀಟರ್, ಹೈವೇ ಮೇಲೇ ಇದೆ, ಆದರೂ ನಮಗೆ ಸಿಕ್ಕಿದ್ದು ಒಂದು ಪುಸ್ತಕ, ಒಂದು ಪೊಟ್ಟಣ ಬೋಲ್ಟು. ಜೋಡಿಸುವುದು ಕಷ್ಟ ಏನಲ್ಲ. ನಮ್ಮ ಮನೆಯವರು, ನಾನು ಕೂತು ಒಂದು ಮಧ್ಯಾಹ್ನದಲ್ಲಿ ಮುಗಿಸಿದೆವು. ಆದರೆ ಅದೇ ದುಡ್ಡು ಕೊಟ್ಟವರಿಗೆ ಅದೇ ಸೇವೆ ಸಿಗಬೇಕು ಅಲ್ವಾ?

ಈಗ ಗ್ಯಾಸ್ ಕನೆಕ್ಷನ್. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಅಂಗಡಿಯವರು ಇದರ ಬಗ್ಗೆ ಬಾಯಿ ಬಿಡುವುದೇ ಇಲ್ಲ.

ಹೊರದೇಶದ ಗ್ರಿಲ್ ಜೊತೆ ಬರುವ ಪೈಪು, ರೆಗ್ಯುಲೇಟರ್ ಅಲ್ಲಿನ ಸಿಲಿಂಡರಿಗೆ ಮಾಡಿದ್ದು. ಅಮೆರಿಕದ್ದಾದರೆ ತಿರುಪಿನ ಥರ ತಿರುಗಿಸಿ ಕೂರಿಸುವ ದೊಡ್ಡ ಪ್ಲಾಸ್ಟಿಕ್ ತಲೆ ಇರುತ್ತದೆ. ನಮ್ಮ ಮನೆಯ 14.2 ಕೆ.ಜಿ. ಸಿಲಿಂಡರಿನ ಮೇಲೆ ಅದು ಕೂರುವುದೇ ಇಲ್ಲ. ನಮ್ಮಲ್ಲಿ ಒತ್ತಿ, ಕ್ಲಿಕ್ ಅನ್ನಿಸಿ ಕೂರಿಸುವ ರೆಗ್ಯುಲೇಟರ್. ನಮಗೆ ಮಾರಿದವರು ಅಲ್ಲಿನ ಪೈಪನ್ನೇ ಹಾಗೇ ಕಳಿಸಿದ್ದರು. ಫೋನ್ ಮಾಡಿದರೆ "ನಿಮ್ಮೂರಲ್ಲೇ ಯಾರಾದ್ರೂ ಫಿಟ್ಟರ್ ಹತ್ರ ಅಡಾಪ್ಟರ್ ಹಾಕಿಸ್ಕೊಳ್ಳಿ ಮೇಡಂ" ಅನ್ನುವ ಉತ್ತರ. ಗ್ಯಾಸ್ ವಿಷಯದಲ್ಲಿ ಇಂಥ ಮಾತು ಆಡಬಾರದು. ಅಡಾಪ್ಟರ್ ಮೇಲೆ ಅಡಾಪ್ಟರ್ ಹಾಕಿದರೆ ಒಂದೊಂದು ಜಾಯಿಂಟೂ ಒಂದೊಂದು ಸೋರುವ ಜಾಗ. ಪಟ್ಟು ಹಿಡಿದು ಕೇಳಿದ ಮೇಲೆ, ನಮ್ಮ ಸಿಲಿಂಡರಿಗೆ ಕೂರುವ ಪೈಪು ಕಂಪನಿಯಿಂದಲೇ ತರಿಸಿಕೊಟ್ಟರು. ನೀವೂ ಪಟ್ಟು ಹಿಡಿಯಿರಿ.

ಒತ್ತಡದ ಲೆಕ್ಕ ಇನ್ನೂ ಮುಖ್ಯ. ನಮ್ಮ ಮನೆಯ ರೆಗ್ಯುಲೇಟರ್ ಗ್ಯಾಸನ್ನು ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಬಿಡುತ್ತದೆ. ಅಮೆರಿಕದ ಪ್ರೊಪೇನ್ (ಅಲ್ಲಿನ ಸಿಲಿಂಡರ್ ಗ್ಯಾಸ್) ಗ್ರಿಲ್‌ಗಳು ಸುಮಾರು 27 ಮಿಲಿಬಾರಿಗೆ ಮಾಡಿದವು, ಹಾಗಾಗಿ ಹತ್ತಿರ ಹತ್ತಿರ ಹೊಂದುತ್ತದೆ. ಇಂಗ್ಲೆಂಡಿನ ಪ್ರೊಪೇನ್ ಮಾಡೆಲ್ 37 ಮಿಲಿಬಾರಿನದು. ಅದನ್ನು ನಮ್ಮ ರೆಗ್ಯುಲೇಟರಿಗೆ ಹಾಕಿದರೆ ಉರಿ ಮಂಕಾಗಿ ಬರುತ್ತದೆ. ಎಲ್ಲಕ್ಕಿಂತ ಅಪಾಯ ಅಂದರೆ ಪೈಪ್ ಗ್ಯಾಸಿನ ಮಾಡೆಲ್. ಅದರಲ್ಲಿ ಬರ್ನರಿಗೆ ಗ್ಯಾಸ್ ಬಿಡುವ ಜೆಟ್‌ನ ತೂತು ದೊಡ್ಡದು. ಸಿಲಿಂಡರ್ ಗ್ಯಾಸ್ ಕೊಟ್ಟರೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಗ್ಯಾಸ್ ನುಗ್ಗಿ ಉರಿ ಹಳದಿಯಾಗಿ ಮೇಲೇಳುತ್ತದೆ. ಯಾರೋ ವಿದೇಶದಿಂದ ತಂದದ್ದನ್ನು ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ಮೊದಲು ಅದರ ಹಿಂದೆ ಅಂಟಿಸಿರುವ ಚೀಟಿ ಓದಿ. ಯಾವ ಗ್ಯಾಸ್, ಎಷ್ಟು ಒತ್ತಡ ಅಂತ ಅದರಲ್ಲೇ ಬರೆದಿರುತ್ತದೆ. ಮನೆಗೆ ಪೈಪ್ ಗ್ಯಾಸ್ ಬಂದಿರುವವರು ಇದೇ ಮಾತನ್ನು ಉಲ್ಟಾ ಮಾಡಿ ಓದಿಕೊಳ್ಳಿ.

ಇನ್ನೊಂದು, ಅಲ್ಲಿನ ಸಿಲಿಂಡರ್ ಕುಳ್ಳಗೆ, ಸುಮಾರು 9 ಕೆ.ಜಿ. ಗ್ಯಾಸ್ ಹಿಡಿಯುವಂಥದ್ದು. ಗ್ರಿಲ್ ಕೆಳಗಿನ ಗೂಡು ಅದರ ಅಳತೆಗೆ ಇದೆ. ನಮ್ಮ ಕೆಂಪು ಸಿಲಿಂಡರ್ ಎತ್ತರ, ಅಲ್ಲಿ ಹಿಡಿಯುವುದಿಲ್ಲ. ಪಕ್ಕದಲ್ಲಿ, ನೆರಳಲ್ಲಿ, ನೆಟ್ಟಗೆ ನಿಲ್ಲಿಸಬೇಕು. ಪೈಪು ಒಂದೂವರೆ ಮೀಟರಿಗಿಂತ ಉದ್ದ ಬೇಡ, ಬಿಸಿಯಾಗುವ ತಳಕ್ಕೆ ತಾಗಬಾರದು. ಐದು ವರ್ಷಕ್ಕೊಮ್ಮೆ ಬದಲಿಸಿ, ಅಡುಗೆಮನೆಯ ಸುರಕ್ಷಾ ಪೈಪಿಗೆ ಇರುವ ನಿಯಮವೇ ಇದಕ್ಕೂ. 5 ಕೆ.ಜಿ. ಸಿಲಿಂಡರ್ ಎತ್ತಿಕೊಂಡು ಹೋಗಲು ಸುಲಭ, ನಿಜ. ಆದರೆ ಮೂರೂ ಬರ್ನರ್ ಜೋರಾಗಿ ಹಚ್ಚಿದರೆ ಸಣ್ಣ ಸಿಲಿಂಡರ್ ಬೇಗ ತಣ್ಣಗಾಗಿ, ಹೊರಗೆ ನೀರು ಕಟ್ಟಿ, ಉರಿ ಇಳಿಯುತ್ತದೆ. ಸಿಲಿಂಡರ್ ಬದಲಿಸಿದಾಗಲೆಲ್ಲ ಸೋಪಿನ ನೊರೆ ಹಚ್ಚಿ ನೋಡುತ್ತೇನೆ. ಗುಳ್ಳೆ ಎದ್ದರೆ ಸೋರುತ್ತಿದೆ ಅಂತ ಅರ್ಥ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ. ಆದ್ದರಿಂದ ಹಚ್ಚುವಾಗ ಮುಚ್ಚಳ ತೆಗೆದೇ ಇರಬೇಕು. ಮುಚ್ಚಿಟ್ಟು ನಾಬ್ ತಿರುಗಿಸಿದರೆ ಒಳಗೆ ಗ್ಯಾಸ್ ತುಂಬಿ, ಕಿಡಿ ಹೊಡೆದ ಕೂಡಲೇ ಢಂ ಅನ್ನುತ್ತದೆ. ಸೋರಿಕೆ ಅನ್ನಿಸಿದರೆ ಸಹಾಯಕ್ಕೆ 1906 ನಂಬರ್ ಇದೆ, ಫೋನಲ್ಲಿ ಇಟ್ಟುಕೊಳ್ಳಿ.

ಇಷ್ಟು ದುಡ್ಡು ಯಾತಕ್ಕೆ ಕೊಡುತ್ತೇವೆ? ಜನ ಕೇಳುವ ಮೊದಲ ಪ್ರಶ್ನೆ "ಎಷ್ಟು ಬಿಸಿ ಆಗುತ್ತೆ?" ಅಂತ. ನನ್ನ ಪ್ರಕಾರ ಅದು ತಪ್ಪು ಪ್ರಶ್ನೆ. ಜೋರು ಉರಿ ಯಾವ ಅಗ್ಗದ ಗ್ರಿಲ್ ಬೇಕಾದರೂ ಕೊಡುತ್ತದೆ. ಸಣ್ಣ ಉರಿಯನ್ನು ಗಂಟೆಗಟ್ಟಲೆ ಅಲ್ಲಾಡದೆ ಹಿಡಿದಿಡುವುದು, ಈ ಮೂಲೆಯಿಂದ ಆ ಮೂಲೆಗೆ ಕಾವು ಒಂದೇ ಸಮ ಇರುವುದು, ಮುಚ್ಚಳ ತೆರೆದು ಮುಚ್ಚಿದ ಮೇಲೆ ಎರಡು ನಿಮಿಷದಲ್ಲಿ ಮತ್ತೆ ಅದೇ ಕಾವಿಗೆ ಬರುವುದು, ಇದಕ್ಕೆ ಬೇಕಾದ್ದು ದಪ್ಪ ಲೋಹ ಮತ್ತು ಒಳ್ಳೆ ವಾಲ್ವ್. ಅದೇ ದುಬಾರಿ. ನಮ್ಮ ಗ್ರಿಲ್‌ನ ಜಾಲರಿ ಬೀಡಿನದು, ಬೆರಳು ದಪ್ಪ. ಬಿಸಿಯಾಗಲು ಹತ್ತು ಹದಿನೈದು ನಿಮಿಷ ತೆಗೆದುಕೊಳ್ಳುತ್ತದೆ, ಆದರೆ ಆಮೇಲೆ ತಣ್ಣನೆ ಮಾಂಸ ಇಟ್ಟರೂ ಕಾವು ಕುಸಿಯುವುದಿಲ್ಲ.

ಅಂಗಡಿಗೆ ಹೋಗಿ ನೋಡುವವರು ಜೇಬಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ತುಕ್ಕನ್ನು ಚೆನ್ನಾಗಿ ತಡೆಯುವ 304 ದರ್ಜೆಯ ಸ್ಟೀಲಿಗೆ ಅದು ಸಾಮಾನ್ಯವಾಗಿ ಅಂಟುವುದಿಲ್ಲ, ಅದಕ್ಕಿಂತ ಅಗ್ಗದ 430ಕ್ಕೆ ಗಟ್ಟಿಯಾಗಿ ಅಂಟುತ್ತದೆ. ಹೊರಗಿನ ಬಾಗಿಲು 430 ಇದ್ದರೆ ಪರವಾಗಿಲ್ಲ. ಬರ್ನರ್ ಕೊಳವೆಗೆ ಅಂಟಿದರೆ ಬೆಲೆ ಇಳಿಸಿ ಅಂತ ಕೇಳಿ, ಇಲ್ಲವೇ ಬೇರೆ ನೋಡಿ. ಮುಚ್ಚಳ ಎತ್ತಿ ಅರ್ಧಕ್ಕೆ ಬಿಟ್ಟು, ಅಲ್ಲಾಡಿಸಿಯೂ ನೋಡಿ. ಡಬ್ಬದ ತಗಡಿನ ಸದ್ದು ಬಂದರೆ ಕಾವು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ.

ಮುಚ್ಚಳದ ಮಾತು ಬಂದಾಗ ಗಾಳಿಯ ಮಾತು ಆಡಲೇಬೇಕು. 1952ರಲ್ಲಿ ಅಮೆರಿಕದ ಶಿಕಾಗೋ ಹತ್ತಿರ ವೆಬರ್ ಬ್ರದರ್ಸ್ ಅನ್ನುವ ಲೋಹದ ಕಾರ್ಖಾನೆಯಲ್ಲಿ ಜಾರ್ಜ್ ಸ್ಟೀಫನ್ ಅನ್ನುವವರು ಇದ್ದರು. ಆ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲಿಬಿಡುವ ಲೋಹದ ಬುರುಡೆ ಮಾಡುತ್ತಿದ್ದರು. ಬಯಲಲ್ಲಿ ಬೇಯಿಸುವಾಗ ಗಾಳಿ ಕಾಟ ತಾಳಲಾರದೆ ಅವರು ಆ ಬುರುಡೆಯ ಆಕಾರ ಹಿಡಿದು ತಳ ಬೇರೆ, ಮುಚ್ಚಳ ಬೇರೆ ಮಾಡಿ ಗ್ರಿಲ್ ತಯಾರಿಸಿದರು. ಇದ್ದಿಲಿನ ಆ ಮುಚ್ಚಳದ ಗ್ರಿಲ್ ಆಮೇಲೆ ಲೋಕವೆಲ್ಲ ಹಬ್ಬಿತು. ಅವರಿಗಿದ್ದ ತಾಪತ್ರಯ ನಮಗೂ ಇದೆ. ಆಷಾಢದಲ್ಲಿ ನಮ್ಮ ಕಡೆ ಗಾಳಿ ಹೇಗೆ ಬೀಸುತ್ತದೆ ಅನ್ನುವುದು ಗೊತ್ತಲ್ಲ, ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ತಾರಸಿ ಮೇಲೆ ಒಣಹಾಕಿದ ಬಟ್ಟೆಗೆ ಎರಡೆರಡು ಕ್ಲಿಪ್ ಬೇಕು. ಮುಚ್ಚಳವಿಲ್ಲದ ಗ್ರಿಲ್‌ನಲ್ಲಿ ಆ ತಿಂಗಳು ಏನೂ ಬೇಯುವುದಿಲ್ಲ, ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ. ಇದರಲ್ಲಿ ಬೇಯುತ್ತದೆ. ನಿಲ್ಲಿಸುವ ದಿಕ್ಕು ಮಾತ್ರ ನೋಡಿಕೊಳ್ಳಬೇಕು. ಕಾವು ಹೊರಹೋಗುವ ಸಂದು ಮುಚ್ಚಳದ ಹಿಂದೆ ಇದೆ. ಹಿಂದಿನಿಂದ ನೇರ ಗಾಳಿ ಹೊಡೆದರೆ ಬಿಸಿಯೆಲ್ಲ ಮುಂದಕ್ಕೆ ನಾಬ್ ಕಡೆ ನುಗ್ಗುತ್ತದೆ, ಕೈ ಸುಡುತ್ತದೆ. ನಾವು ಗಾಳಿ ಪಕ್ಕದಿಂದ ಬರುವ ಹಾಗೆ ನಿಲ್ಲಿಸಿ, ನೀರಿನ ಟ್ಯಾಂಕಿನ ಗೋಡೆಯನ್ನು ಮರೆ ಮಾಡಿಕೊಂಡಿದ್ದೇವೆ. ಗೋಡೆಗೂ ಗ್ರಿಲ್‌ಗೂ ನಡುವೆ ಎರಡು ಮೂರು ಅಡಿ ಬಿಟ್ಟಿದ್ದೇವೆ. ತಗಡಿನ ಶೀಟ್ ಕೆಳಗೆ, ಪೆಂಡಾಲ್ ಬಟ್ಟೆಯ ಕೆಳಗೆ ಹಚ್ಚಲೇಬೇಡಿ.

ಅಡುಗೆಗೆ ಬರೋಣ. ಕೋಳಿ ಲೆಗ್ ಪೀಸ್‌ನಿಂದಲೇ ಗ್ರಿಲ್‌ನ ಯೋಗ್ಯತೆ ಗೊತ್ತಾಗುವುದು.

ನಮ್ಮ ಮಸಾಲೆ ಮನೆಯದ್ದೇ. ಗಟ್ಟಿ ಮೊಸರು, ಶುಂಠಿ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಪುಡಿ, ಅರಿಶಿನ, ಉಪ್ಪು, ನಿಂಬೆಹುಳಿ, ಒಂದು ಚಮಚ ಶೇಂಗಾ ಎಣ್ಣೆ. ರಾತ್ರಿಯೇ ಹಚ್ಚಿ ಫ್ರಿಜ್ಜಿನಲ್ಲಿಡುವುದು. ಬ್ಯಾಡಗಿ ಪುಡಿಗೆ ಬಣ್ಣ ಚೆಂದ, ಆದರೆ ಜೋರು ಉರಿಗೆ ಸಿಕ್ಕರೆ ಕಣ್ಣು ಮಿಟುಕಿಸುವುದರೊಳಗೆ ಕಪ್ಪಾಗಿ ಕಹಿ ಬರುತ್ತದೆ. ಮೊಸರೂ ಹಾಗೇ. ರಸ್ತೆ ಬದಿಯ ಗ್ರಿಲ್ ಚಿಕನ್ ಹೊರಗೆ ಕರಕಲು, ಮೂಳೆ ಹತ್ತಿರ ರಕ್ತ ಇರುವುದಕ್ಕೆ ಇದೇ ಕಾರಣ. ಇಲ್ಲಿ ಎರಡು ಬದಿಯ ಬರ್ನರ್ ಮಧ್ಯಮಕ್ಕಿಟ್ಟು, ನಡುವಿನದನ್ನು ಬಂದ್ ಮಾಡಿ, ಪೀಸುಗಳನ್ನು ನಡುವೆ ಜೋಡಿಸಿ ಮುಚ್ಚಳ ಹಾಕುತ್ತೇನೆ. ಮುಚ್ಚಳದ ಮೇಲಿನ ಥರ್ಮಾಮೀಟರಿನ ಮುಳ್ಳು 190, 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಬೇಕು. ಕೆಳಗೆ ನೇರ ಉರಿ ಇಲ್ಲ, ಸುತ್ತಲಿನ ಬಿಸಿಗಾಳಿಯಲ್ಲೇ ಬೇಯುತ್ತದೆ. ಮುಕ್ಕಾಲು ಗಂಟೆ ಹತ್ತಿರ ಬೇಕು. ಆ ಹೊತ್ತಲ್ಲಿ ಪದೇ ಪದೇ ಮುಚ್ಚಳ ಎತ್ತಿ ನೋಡಬೇಡಿ, ಎತ್ತಿದಷ್ಟೂ ಹೊತ್ತು ಜಾಸ್ತಿ. ಆಮೇಲೆ ಬದಿಯ ಬರ್ನರ್ ಒಂದನ್ನು ಜೋರು ಮಾಡಿ, ಪೀಸುಗಳನ್ನು ಅದರ ಮೇಲಕ್ಕೆ ಸರಿಸಿ, ಚರ್ಮದ ಕಡೆ ಕೆಳಗೆ ಮಾಡಿ ಎರಡೇ ನಿಮಿಷ. ಚರ್ಮದ ಕೆಳಗಿನ ಕೊಬ್ಬು ಕರಗಿ ಚಟಪಟ ಅನ್ನುತ್ತದೆ, ಬೀಡಿನ ಗೆರೆಗಳು ಕಂದು ಬಣ್ಣದಲ್ಲಿ ಮೂಡುತ್ತವೆ, ಮಸಾಲೆ ಅಂಚಲ್ಲಿ ಮಾತ್ರ ಕಪ್ಪಾಗಿ ಉಳಿದದ್ದು ಇಟ್ಟಿಗೆ ಕೆಂಪಲ್ಲಿ ನಿಲ್ಲುತ್ತದೆ. ಮುರಿದರೆ ಮೂಳೆಯಿಂದ ಮಾಂಸ ತಾನಾಗಿ ಬಿಟ್ಟುಕೊಳ್ಳಬೇಕು, ರಸ ತಿಳಿಯಾಗಿ ಹರಿಯಬೇಕು.

ಮಾಂಸಕ್ಕೆ ಚುಚ್ಚಿ ನೋಡುವ ಒಂದು ಥರ್ಮಾಮೀಟರ್ ಕೊಂಡುಕೊಳ್ಳಿ, ದುಬಾರಿಯೇನಲ್ಲ. ಕೋಳಿ ಒಳಗೆ 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ. ಕಾಲಿನ ಪೀಸು 80 ದಾಟಿದರೆ ಇನ್ನೂ ಮೆತ್ತಗೆ. ಮುಚ್ಚಳದ ಮೇಲಿನ ಮುಳ್ಳನ್ನೇ ನಂಬಿ ಕೂರಬೇಡಿ, ಅದು ತೋರಿಸುವುದು ಮೇಲಿನ ಗಾಳಿಯ ಕಾವು, ಜಾಲರಿ ಹತ್ತಿರದ್ದಲ್ಲ. ದುಬಾರಿ ಗ್ರಿಲ್‌ಗಳಲ್ಲೂ ಇದು ಹೀಗೇ.

ಮಟನ್ ಬೇರೆ ಲೆಕ್ಕ. ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕಾ ಜಾತ್ರೆ ಬಂದರೆ ಮನೆ ಮನೆಯಲ್ಲಿ ಬಾಡೂಟ, ಮಟನ್ ಬಗ್ಗೆ ಈ ಊರಿನವರಿಗೆ ಹೊಸದಾಗಿ ಹೇಳಿಕೊಡಬೇಕಾದ್ದಿಲ್ಲ. ನಮ್ಮ ಕಡೆಯ ಕುರಿ ಬಯಲಲ್ಲಿ ಮೇಯ್ದು ನಡೆದು ಬೆಳೆದದ್ದು. ರುಚಿ ಜಾಸ್ತಿ, ನಾರೂ ಜಾಸ್ತಿ. ವಿಡಿಯೋದಲ್ಲಿ ತೋರಿಸುವ ಹಾಗೆ ಚಾಪ್ಸನ್ನು ಜೋರು ಉರಿಯಲ್ಲಿ ನಾಲ್ಕು ನಿಮಿಷ ತಿರುಗಿಸಿ ತೆಗೆದರೆ ಹಲ್ಲಿಗೆ ಕೆಲಸ. ಎರಡು ದಾರಿ ಇವೆ. ಚಾಪ್ಸ್ ಆದರೆ ಪಪ್ಪಾಯಿ ಕಾಯಿ ಅರೆದು ಸ್ವಲ್ಪವೇ ಹಚ್ಚಿ, ಒಂದೆರಡು ಗಂಟೆ ಸಾಕು, ರಾತ್ರಿಯಿಡೀ ಬಿಟ್ಟರೆ ಮಾಂಸ ಹಿಟ್ಟಿನ ಹಾಗಾಗುತ್ತದೆ. ಮುಂಗಾಲು, ಭುಜದ ತುಂಡಾದರೆ ಒಂದೇ ಬರ್ನರ್ ಸಣ್ಣಗೆ ಹಚ್ಚಿ, ಮಾಂಸವನ್ನು ದೂರದ ಮೂಲೆಯಲ್ಲಿಟ್ಟು, 140 ಡಿಗ್ರಿ ಆಸುಪಾಸಲ್ಲಿ ಮೊದಲು ಬಣ್ಣ ಬರಿಸಿ, ಆಮೇಲೆ ಈರುಳ್ಳಿ ಜೊತೆ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ ಮೂರು ನಾಲ್ಕು ಗಂಟೆ ಬಿಟ್ಟುಬಿಡುವುದು. ನಾರೆಲ್ಲ ಕರಗಿ ಅಂಟು ಅಂಟಾದ ರಸ ಆಗುತ್ತದೆ. ಅದನ್ನು ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದ ಮೇಲೆ ನಮ್ಮ ಮಾವನವರು "ಇದನ್ನ ಕುಕ್ಕರ್‌ನಲ್ಲಿ ಇನ್ನೊಮ್ಮೆ ಮಾಡಬೇಡವ್ವ" ಅಂದರು. ಮೂರು ನಾಲ್ಕು ಗಂಟೆ ಉರಿ ಒಂದೇ ಸಮ ನಿಂತಿದ್ದರಿಂದಲೇ ಇದು ಆಗಿದ್ದು, ನಾನು ನಾಬ್ ಮುಟ್ಟಲೂ ಇಲ್ಲ. ಕೊಟ್ಟ ದುಡ್ಡು ಸಾರ್ಥಕ ಅನ್ನಿಸುವುದು ಇಲ್ಲೇ.

ಸೂಳೆಕೆರೆ ಮೀನು ಸಿಕ್ಕಾಗ ಬಾಳೆಎಲೆಯಲ್ಲಿ ಸುತ್ತಿ ಮಾಡುತ್ತೇವೆ. ಕಾಟ್ಲಾ, ರೋಹು ಹೋಳುಗಳನ್ನು ನೇರ ಜಾಲರಿ ಮೇಲಿಟ್ಟರೆ ಅಂಟಿ ಪುಡಿಯಾಗುತ್ತವೆ, ಎಷ್ಟೇ ಎಣ್ಣೆ ಸವರಿದರೂ ಅಷ್ಟೇ. ಎಲೆಯಲ್ಲಿ ಸುತ್ತಿದರೆ ಚೆನ್ನಾಗಿ ಬರುತ್ತದೆ.

ಮಾಂಸ ತಿನ್ನದವರು ಗ್ರಿಲ್ ನಮಗಲ್ಲ ಅಂದುಕೊಳ್ಳುತ್ತಾರೆ. ನಮ್ಮ ಅತ್ತೆ ಸೋಮವಾರ, ಶ್ರಾವಣ ಎಲ್ಲ ಕಟ್ಟುನಿಟ್ಟು. ಅವರಿಗಾಗಿ ಬೇರೆ ಒಂದು ಜತೆ ಜಾಲರಿ ತರಿಸಿಟ್ಟಿದ್ದೇವೆ, ಅದರ ಮೇಲೆ ಮಾಂಸ ಇಡುವುದೇ ಇಲ್ಲ, ಇಕ್ಕಳವೂ ಬೇರೆ. ಈಗ ಗ್ರಿಲ್ ಜಾಸ್ತಿ ಹಚ್ಚಿಸುವವರು ಅವರೇ. ಬದನೆಕಾಯಿ ಅಡುಗೆಮನೆ ಒಲೆಯ ಮೇಲೆ ಸುಟ್ಟರೆ ರಸ ಸುರಿದು ಬರ್ನರ್ ಕಟ್ಟಿಕೊಳ್ಳುತ್ತದೆ, ಒಂದೊಂದೇ ಸುಡಬೇಕು. ಇಲ್ಲಿ ಒಂದು ಕೆ.ಜಿ. ಬದನೆಕಾಯಿ ಒಟ್ಟಿಗೆ ಹಾಕಿ ಮುಚ್ಚಿದರೆ ಸಿಪ್ಪೆ ಕಪ್ಪಾಗಿ ಒಳಗೆಲ್ಲ ಬೆಣ್ಣೆ. ಪಕ್ಕದಲ್ಲೇ ಹಸಿಮೆಣಸಿನಕಾಯಿ, ಟೊಮ್ಯಾಟೊ, ಇಡೀ ಬೆಳ್ಳುಳ್ಳಿ ಗಡ್ಡೆ ಸುಟ್ಟುಕೊಂಡು ಎಲ್ಲ ಸೇರಿಸಿ ಕುಟ್ಟಿದರೆ ರೊಟ್ಟಿಗೆ ಬೇರೆ ಏನೂ ಬೇಡ. ಮೆಕ್ಕೆಜೋಳವಂತೂ ನಮ್ಮ ಜಿಲ್ಲೆಯ ಬೆಳೆ, ಎಳೆ ತೆನೆ ಸಿಗುವ ಕಾಲಕ್ಕೆ ಚೀಲದಲ್ಲೇ ಬರುತ್ತದೆ. ಹೊರಗಿನ ಸಿಪ್ಪೆ ಇಟ್ಟುಕೊಂಡೇ ನೀರಲ್ಲಿ ನೆನೆಸಿ ಹಾಕಿ. ಒಳಗೆ ಹಬೆಯಲ್ಲಿ ಬೆಂದ ಮೇಲೆ ಸಿಪ್ಪೆ ಕಿತ್ತು ಎರಡು ನಿಮಿಷ ನೇರ ಉರಿ ತೋರಿಸಿ, ನಿಂಬೆಹಣ್ಣು ಉಪ್ಪು ಖಾರ ಉಜ್ಜಿ. ಮಕ್ಕಳು ಪಾಳಿ ಹಚ್ಚಿ ನಿಲ್ಲುತ್ತಾರೆ.

ದೋಸೆ? ದಾವಣಗೆರೆಯವಳಾಗಿ ಇದನ್ನು ಬರೆಯದಿದ್ದರೆ ಹೇಗೆ. ಜಾಲರಿ ತೆಗೆದು ಆ ಜಾಗದಲ್ಲಿ ಕೂರಿಸುವ ಬೀಡಿನ ಹಂಚು ಬೇರೆಯಾಗಿ ಸಿಗುತ್ತದೆ. ಸೆಟ್ ದೋಸೆ, ಚಪಾತಿ, ಆಮ್ಲೆಟ್‌ಗೆ ಬಹಳ ಚೆನ್ನ, ಒಟ್ಟಿಗೆ ನಾಲ್ಕೈದು ಹಾಕಬಹುದು. ಬೆಣ್ಣೆ ದೋಸೆಗೆ ಬೇಡ. ಆ ಹಂಚಿಗೆ ಒಂದು ಕಡೆ ಇಳಿಜಾರು, ಜಿಡ್ಡು ಹರಿದು ಹೋಗಲು ತೂತು. ಹಾಕಿದ ಬೆಣ್ಣೆ ದೋಸೆಯ ಸುತ್ತ ನಿಲ್ಲದೆ ಅತ್ತ ಹರಿದುಬಿಡುತ್ತದೆ. ಆ ದೋಸೆಗೆ ಬೇಕಾದ್ದು ಬೆಣ್ಣೆ ಅಲ್ಲೇ ನಿಂತು ಅಂಚು ಗರಿಗರಿಯಾಗುವುದು, ನಡುವೆ ಮೆತ್ತಗಿರುವುದು, ಕಟ್ಟಿಗೆ ಉರಿಯ ವಾಸನೆ. ಅದಕ್ಕೆ ಹೋಟೆಲಿಗೇ ಹೋಗಿ.

"ಗ್ಯಾಸ್ ಅಂದ್ಮೇಲೆ ಹೊಗೆ ರುಚಿ ಎಲ್ಲಿಂದ ಬರುತ್ತೆ?" ಅಂತ ಎಲ್ಲರೂ ಕೇಳುತ್ತಾರೆ. ಬರುತ್ತದೆ. ಬರ್ನರ್ ಮೇಲೆ ಮನೆಯ ಮಾಡಿನಂತೆ ಎರಡು ಕಡೆ ಇಳಿಜಾರಿರುವ ಸ್ಟೀಲ್ ಪಟ್ಟಿಗಳಿರುತ್ತವೆ. ಮಾಂಸದ ಕೊಬ್ಬು, ಮಸಾಲೆ ರಸ ಅದರ ಮೇಲೆ ಬಿದ್ದು ಸುಟ್ಟು ಹೊಗೆಯಾಗಿ ಮತ್ತೆ ಮಾಂಸಕ್ಕೇ ಅಡರುತ್ತದೆ. ನಾವು ಸುಟ್ಟ ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ಅದೇ. ಆದರೆ ಇದ್ದಿಲಿನ ಘಮ ಬೇರೆ, ಅದು ಪೂರ್ತಿ ಸಿಗುವುದಿಲ್ಲ ಅನ್ನುವುದನ್ನೂ ಒಪ್ಪುತ್ತೇನೆ. ಪೇರಲ ಗಿಡದ ಒಣ ಕಟ್ಟಿಗೆ ಚೂರುಗಳನ್ನು ಫಾಯಿಲ್‌ನಲ್ಲಿ ಸುತ್ತಿ, ನಾಲ್ಕು ತೂತು ಚುಚ್ಚಿ, ಉರಿಯುವ ಬರ್ನರಿನ ಪಟ್ಟಿ ಮೇಲಿಟ್ಟರೆ ಒಳ್ಳೆ ಹೊಗೆ ಬರುತ್ತದೆ. ಬೇವು, ಪೇಂಟ್ ಹಚ್ಚಿದ ಮರ, ಪ್ಲೈವುಡ್ ಚೂರು ಬೇಡ. ಶೀಖ್ ಕಬಾಬ್ ಒಂದನ್ನೇ ಮಾಡಬೇಕು ಅನ್ನುವವರಿಗೆ ನಾನೇ ಇದ್ದಿಲು ತಗೊಳ್ಳಿ ಅನ್ನುತ್ತೇನೆ.

ಗ್ಯಾಸ್ ಎಷ್ಟು ತಿನ್ನುತ್ತದೆ? ಈ ಅಳತೆಯ ಗ್ರಿಲ್ ಮೇಲೆ ಗಂಟೆಗೆ 30,000 ಬಿಟಿಯು (ಶಾಖದ ಅಳತೆ) ಅಂತ ಬರೆದಿರುತ್ತದೆ. ನಮ್ಮ ಲೆಕ್ಕದಲ್ಲಿ ಅದು 8.8 ಕಿಲೋವ್ಯಾಟ್. ಮೂರೂ ಬರ್ನರ್ ಪೂರ್ತಿ ಜೋರಿನಲ್ಲಿ ಗಂಟೆಗೆ ಸುಮಾರು 700 ಗ್ರಾಂ ಗ್ಯಾಸ್, ಅಂದರೆ 14.2 ಕೆ.ಜಿ. ಸಿಲಿಂಡರ್ ಇಪ್ಪತ್ತು ಗಂಟೆ. ಆದರೆ ಪೂರ್ತಿ ಜೋರು ಬೇಕಾಗುವುದು ಮೊದಲ ಕಾಲು ಗಂಟೆ ಮಾತ್ರ. ಮುಚ್ಚಳ ಹಾಕಿ ಮಧ್ಯಮ ಉರಿಯಲ್ಲಿ ಮಾಡಿದರೆ ಅರ್ಧಕ್ಕರ್ಧ ಉಳಿಯುತ್ತದೆ. ಎಷ್ಟು ಉಳಿದಿದೆ ನೋಡಲು ಸಿಲಿಂಡರಿನ ಪಕ್ಕಕ್ಕೆ ಒಂದು ಚೊಂಬು ಬಿಸಿನೀರು ಸುರಿದು ಕೈ ಆಡಿಸಿ, ತಣ್ಣಗಿರುವ ಕಡೆಯವರೆಗೆ ಗ್ಯಾಸ್ ಇದೆ. ಇದೇ ಗ್ರಿಲ್ ಇಟ್ಟುಕೊಂಡು ಸಂಜೆ ಅಂಗಡಿ ಹಾಕುವ ಯೋಚನೆ ಇದ್ದರೆ 19 ಕೆ.ಜಿ. ಕಮರ್ಷಿಯಲ್ ಸಿಲಿಂಡರ್ ತಗೊಳ್ಳಿ, ಮನೆ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ.

ಕ್ಲೀನಿಂಗ್ ಬಗ್ಗೆ ಯಾರೂ ಹೇಳುವುದಿಲ್ಲ, ಕೆಲಸ ಇದೆ. ಅಡುಗೆ ಮುಗಿದ ಮೇಲೆ ಹತ್ತು ನಿಮಿಷ ಜೋರು ಉರಿ ಕೊಟ್ಟರೆ ಅಂಟಿದ್ದೆಲ್ಲ ಬೂದಿಯಾಗುತ್ತದೆ, ಬಿಸಿ ಇರುವಾಗಲೇ ಉಜ್ಜಬೇಕು. ತಂತಿ ಬ್ರಷ್ ಬಳಸಬೇಡಿ. ಅದರ ಎಳೆ ಒಂದು ಕಿತ್ತು ಜಾಲರಿಗೆ ಅಂಟಿ, ಅಲ್ಲಿಂದ ಊಟಕ್ಕೆ ಸೇರಿ, ಗಂಟಲಲ್ಲಿ ಸಿಕ್ಕಿಕೊಂಡು ಆಸ್ಪತ್ರೆ ಸೇರಿದವರಿದ್ದಾರೆ. ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಉಜ್ಜಿದರೂ ಸಾಕು. ಆಮೇಲೆ ಬಟ್ಟೆಯಲ್ಲಿ ತೆಳ್ಳಗೆ ಎಣ್ಣೆ ಸವರಬೇಕು. ನಾವು ಚಳ್ಳಕೆರೆಯ ಶೇಂಗಾ ಎಣ್ಣೆಯನ್ನೇ ಸವರುತ್ತೇವೆ. ಬೀಡಿನ ದೋಸೆ ಹಂಚು ನೋಡಿಕೊಂಡವರಿಗೆ ಇದು ಅಭ್ಯಾಸವೇ. ಮಳೆಗಾಲದಲ್ಲಿ ಒಂದು ವಾರ ಎಣ್ಣೆಯಿಲ್ಲದೆ ಬಿಟ್ಟರೆ ತುಕ್ಕು ಗ್ಯಾರಂಟಿ. ಕವರ್ ಬೇಕೇ ಬೇಕು, ಗ್ರಿಲ್ ಪೂರ್ತಿ ಆರಿದ ಮೇಲೆ ಹಾಕಿ.

ಕೆಳಗಿನ ಜಿಡ್ಡಿನ ತಟ್ಟೆ ತುಂಬಲು ಬಿಡಬೇಡಿ. ತುಂಬಿದ ಜಿಡ್ಡಿಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಹಾಕಿದರೆ ಕುದಿಯುವ ಎಣ್ಣೆ ಮೈಮೇಲೆ ಸಿಡಿಯುತ್ತದೆ. ಬರ್ನರ್ ಬಂದ್, ಸಿಲಿಂಡರ್ ಬಂದ್, ಮುಚ್ಚಳ ಹಾಕಿ ದೂರ ನಿಲ್ಲಿ. ಬಳಸದೆ ತುಂಬಾ ದಿನ ಬಿಟ್ಟರೆ ಬರ್ನರಿನ ಕೊಳವೆಯೊಳಗೆ ಜೇಡ ಗೂಡು ಕಟ್ಟುತ್ತದೆ. ಉರಿ ನೀಲಿ ಬಿಟ್ಟು ಹಳದಿಯಾಗಿ ಬಂದರೆ, ಇಲ್ಲವೇ ಒಂದು ತುದಿಯಲ್ಲಿ ಮಾತ್ರ ಉರಿದರೆ, ಮೊದಲು ಅಲ್ಲಿ ನೋಡಿ.

ಅಕ್ಕಪಕ್ಕದವರ ವಿಷಯ ಒಂದಿದೆ. ನಮ್ಮ ಓಣಿಯಲ್ಲಿ ಮಾಂಸ ತಿನ್ನದ ಮನೆಗಳೇ ಜಾಸ್ತಿ. ತಾರಸಿ ಹೊಗೆ ಅವರ ಕಿಟಕಿಗೆ ಹೋಗುತ್ತದೆ. ನಾವು ಮೊದಲೇ ಹೋಗಿ ಮಾತಾಡಿದೆವು. ಸೋಮವಾರ, ಹಬ್ಬದ ದಿನ, ಅವರ ಮನೆಯಲ್ಲಿ ಪೂಜೆ ಇದ್ದ ದಿನ ಹಚ್ಚುವುದಿಲ್ಲ. ಪಕ್ಕದ ಮನೆ ಅಕ್ಕ ಈಗ ಬದನೆಕಾಯಿ ಕೊಟ್ಟು ಕಳಿಸುತ್ತಾರೆ, "ನಿಮ್ಮತ್ತೆ ಜಾಲ್ರಿ ಮ್ಯಾಲೆ ಸುಟ್ಟು ಕೊಡು ನೋಡವ್ವಾ" ಅಂತ.

ಸ್ಪೇರ್ ಪಾರ್ಟ್ಸ್ ವಿಷಯದಲ್ಲಿ ಹುಷಾರು. ಕಿಡಿ ಹೊಡೆಯುವ ಬಟನ್ ಕೆಲವದರಲ್ಲಿ ಬ್ಯಾಟರಿ ಸೆಲ್ ಮೇಲೆ ನಡೆಯುತ್ತದೆ, ಅದು ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಬರ್ನರ್ ಮೇಲಿನ ಸ್ಟೀಲ್ ಪಟ್ಟಿ ಸವೆಯುವ ವಸ್ತು, ಕೆಲವು ವರ್ಷಕ್ಕೆ ಬದಲಿಸಬೇಕು, ಅದು ದಾವಣಗೆರೆಯಲ್ಲಿ ಸಿಗುವುದಿಲ್ಲ. ದೊಡ್ಡ ಕಂಪನಿಗಳು ಬರ್ನರ್, ಮುಚ್ಚಳಕ್ಕೆ ಹತ್ತು ವರ್ಷದ ವಾರಂಟಿ ಅನ್ನುತ್ತವೆ. ಆದರೆ ವಾರಂಟಿ ಪಾರ್ಟ್ ನಿಮ್ಮೂರಿಗೆ ಕಳಿಸುವ ಖರ್ಚು ಯಾರದ್ದು, ಪೈಪು ರೆಗ್ಯುಲೇಟರ್ ನಮ್ಮ ಸಿಲಿಂಡರಿನದ್ದೇ ಕೊಡುತ್ತೀರಾ, ಮೆಟ್ಟಿಲು ಹತ್ತಿಸುವವರು ಯಾರು, ಈ ಮೂರನ್ನೂ ದುಡ್ಡು ಕಟ್ಟುವ ಮೊದಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಫೋನಲ್ಲಿ ಹೂಂ ಅಂದರೆ ಸಾಲದು.